ಮೂರನೆಯ ಸರ್ಜಾ

ಜಮಖಂಡಿಯ ಲ್ಯಾಬೊಂದರಲ್ಲಿ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ತೋಳು ಚಾಚಿ ಕುಳಿತಿದ್ದೆ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ರಕ್ತ ತೆಗೆದ ಹುಡುಗಿ ನಳಿಕೆಗೆ ಚೀಟಿ ಅಂಟಿಸಿ ನನ್ನ ಮುಂದೆ ಹಿಡಿದಳು.

“ಹೆಸರು, ತಂದಿ ಹೆಸರು ಬರೋಬ್ಬರಿ ಅದಾವೇನು ನೋಡ್ರಿ ಸರ್. ಒಂದ ಹೆಸರಿನವರು ಭಾಳ ಮಂದಿ ಬರತಾರ್ರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ನನಗೆ. ಯಾಕೆಂದು ಹೇಳುತ್ತೇನೆ, ಕೇಳಿ.

ನನ್ನ ಚೀಲದಲ್ಲಿ ಒಂದು ಕಾಗದವಿತ್ತು. ನನ್ನ ಗುರುಗಳು ಮಾಲಿಕ್ಯುಲರ್ ಬಯಾಲಜಿಯ ದೊಡ್ಡ ಸಂಶೋಧಕರು. ಅವರ ಅಭಿನಂದನ ಗ್ರಂಥದ ಸಮಿತಿಗೆ ನನ್ನಿಂದ ‘ಗುರುಗಳ ಸಂಶೋಧನೆಯ ಪ್ರಭಾವ’ ಎಂಬ ಲೇಖನ ಬೇಕಂತೆ. ಜೊತೆಗೆ ಅವರ ಪ್ರಕಟಣೆಗಳ ಪಟ್ಟಿ. ಮಡಿಚಿದ ಅದನ್ನು ಬಿಚ್ಚಿದರೆ ನೆಲ ಮುಟ್ಟುತ್ತದೆ. ನಾನು ರಬಕವಿಯವನು. ನಮ್ಮಲ್ಲಿ ನೇಯ್ದ ಸೀರೆಯನ್ನು ಸೀರೆ ಎಂದೇ ಮಾರುತ್ತಾರೆ. ಗುರುಗಳು ಒಂದು ಸೀರೆಯನ್ನು ಹರಿದು ಕರವಸ್ತ್ರ ಮಾಡಿ, ಪ್ರತಿಯೊಂದಕ್ಕೂ ಸೆರಗಿದೆ ಎನ್ನುತ್ತಿದ್ದರು. ಅಂದರೆ ಒಂದೇ ಸಂಶೋಧನೆ, ಹತ್ತಾರು ಲೇಖನ. ಪ್ರತಿ ಲೇಖನದ ಕೊನೆಗೆ ಉಳಿದ ಲೇಖನಗಳ ಉಲ್ಲೇಖ. ತಮ್ಮ ಬೆನ್ನನ್ನು ತಾವೇ ಇಷ್ಟು ಸಲೀಸಾಗಿ ತಟ್ಟಿಕೊಳ್ಳಬಲ್ಲ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆ ಪಟ್ಟಿಯ ಮುಕುಟಮಣಿ ಮುಧೋಳ ನಾಯಿಯ ತಳಿಶುದ್ಧಿಯ ಲೇಖನ. ಅದರಲ್ಲಿ ಎರಡನೆಯ ಹೆಸರು ನನ್ನದು. ಆ ಹೆಸರಿನಿಂದಲೇ ನನಗೆ ಕಾಲೇಜಿನ ನೌಕರಿ.

ಆಗ ನಾನು ಗುರುಗಳ ಶಿಷ್ಯ. ಮುಧೋಳದ ಹತ್ತಿರದ ಹಳ್ಳಿಯ ಎಲ್ಲಪ್ಪಜ್ಜನ ಮನೆಗೆ ನಾಯಿಗಳ ರಕ್ತ ತರಲು ಹೋಗಿದ್ದೆ. ಅಜ್ಜನ ನಾಯಿ ಎಂದರೆ ಸುತ್ತಲಿನವರಿಗೆ ಅಷ್ಟು ನಂಬಿಕೆ. ಮರಿ ಹುಟ್ಟುವ ಮೊದಲೇ ಹೇಳಿಟ್ಟು ಹೋಗುತ್ತಿದ್ದರು. ಅವನ ಮನೆಯಲ್ಲಿ ಒಂದು ಪದ್ಧತಿ. ಹಿಂದೆ ಸರ್ಜಾ ಎಂಬ ನಾಯಿ ತೋಳದಿಂದ ಅವರ ಕುರಿ ಉಳಿಸಿತ್ತಂತೆ. ಅಂದಿನಿಂದ ಬಾಗಿಲು ಕಾಯುವ ಗಂಡುನಾಯಿಗೆಲ್ಲ ಅದೇ ಹೆಸರು. ನಾನು ಹೋದ ದಿನ ಅಜ್ಜ ಹೊಲದಲ್ಲಿದ್ದ. ಸೊಸೆ ಮೂರಕ್ಕೂ ಅದೇ ಹೆಸರು ಹೇಳಿದಳು, ನಾನು ರಕ್ತ ತೆಗೆದು ನಳಿಕೆಗಳ ಮೇಲೆ ಸರ್ಜಾ ಒಂದು, ಎರಡು, ಮೂರು ಎಂದು ಬರೆದೆ. ಯಾವ ನಾಯಿ ಯಾವ ತಳಿ ಎಂದು ಕೇಳಲಿಲ್ಲ. ಎಂ.ಎಸ್ಸಿ. ಮುಗಿಸಿದವನು ಹೆಣ್ಣುಮಗಳನ್ನು ಕೇಳುವುದೇನು ಎಂಬ ಸೊಕ್ಕು.

ಲೇಖನ ಬಂತು: ಈ ಮನೆತನದ ನಾಯಿಗಳಲ್ಲಿ ಬೆರಕೆ ಇದೆ. ಮುಂದೆ ಇನ್ನೊಮ್ಮೆ ಹೋದಾಗ ಅಜ್ಜ ಮೂರನೆಯ ಸರ್ಜಾನ ಕಿವಿ ಹಿಡಿದು ತೋರಿಸಿದ.

“ಇದರ ರಕ್ತಾನೂ ತಗೊಂಡಿಯೇನೋ ತಮ್ಮಾ? ಇದು ಬೀದಿ ನಾಯಿ. ಬಾಗಿಲು ಕಾಯಲಿ ಅಂತ ಸಾಕೇನಿ. ಒಂದ ಮಾತು ಕೇಳಿದ್ದರ ಹೇಳತಿದ್ದೆ.”

ಓಡಿಬಂದು ಗುರುಗಳಿಗೆ ಹೇಳಿದೆ. ಅವರು ಚಹಾ ಕುಡಿಯುತ್ತಲೇ ಇದ್ದರು.

“ಪೇಪರ್ ಬಂದಾಗೇತಿ. ಇನ್ನ ನಾಯೀನ್ನ ಕೇಳಿ ತಿದ್ದೂದೇನು? ನಿನ್ನ ಹೆಸರೂ ಐತಿ ಅದರಾಗ, ಸುಮ್ನಿರು.”

ಸುಮ್ಮನಿದ್ದೆ. ನೋಡಿ, ಗುರುಗಳನ್ನು ಹಳಿಯುವುದು ಸುಲಭ. ಸುಮ್ಮನಿರಲು ನನಗೇನೂ ಕಷ್ಟವಾಗಲಿಲ್ಲ. ಆ ಒಂದು ತಪ್ಪು ಮುಂದೆ ನಾಲ್ಕು ಲೇಖನವಾಯಿತು. ಯಾರೋ ಅದನ್ನು ಸುದ್ದಿಪತ್ರಿಕೆಗೂ ಹಾಕಿಸಿದರು. ಅಜ್ಜನ ಬಾಗಿಲಿಗೆ ಮರಿ ಕೇಳಿಕೊಂಡು ಜನ ಬರುವುದೇ ನಿಂತುಹೋಯಿತು.

ಹತ್ತಿ ಒತ್ತಿ ಹಿಡಿದುಕೊಂಡೇ ಲ್ಯಾಬಿನಿಂದ ಹೊರಬಂದೆ. ಈ ಹುಡುಗಿ ಒಂದು ನಳಿಕೆಗೆ ಪಟ್ಟ ಕಾಳಜಿಯನ್ನು ನಾವು ಗುರುಶಿಷ್ಯರು ಇಡೀ ಜನ್ಮದಲ್ಲಿ ಪಟ್ಟಿರಲಿಲ್ಲ. ನಾಚಿಕೆಯಾಯಿತು. ಮನೆಗೆ ಹೋಗಿ ಬರೆದೆ: ಮೂರನೆಯ ಸರ್ಜಾ ಬೀದಿನಾಯಿ, ತಪ್ಪು ನನ್ನದು, ಮುಚ್ಚಿಟ್ಟವರು ಇಬ್ಬರು, ಲೇಖನವನ್ನು ಹಿಂತೆಗೆದುಕೊಳ್ಳಿ. ಒಂದು ಪ್ರತಿ ಲೇಖನ ಪ್ರಕಟಿಸಿದ ಸಂಶೋಧನ ಪತ್ರಿಕೆಗೆ, ಇನ್ನೊಂದು ಅಭಿನಂದನ ಸಮಿತಿಗೆ. ಪ್ರಭಾವದ ಬಗ್ಗೆ ಕೇಳಿದ್ದರಲ್ಲ, ಪ್ರಭಾವ ಇದೇ. ನೌಕರಿಯ ಗತಿ ಏನಾಗುತ್ತದೋ ಗೊತ್ತಿಲ್ಲ.

ಮೂರನೆಯ ಪ್ರತಿ ಹಿಡಿದು ಎಲ್ಲಪ್ಪಜ್ಜನ ಮನೆಗೆ ಹೋದೆ. ಓದಿ ಹೇಳಿದೆ. ಅಜ್ಜ ಖಾಲಿ ಬಾಗಿಲ ಕಡೆ ನೋಡಿದ.

“ಛಲೋ ಆತು ಬಿಡು. ಆದರ ಮರಿ ಕೇಳೋರಿಲ್ಲದ ಸಾಕೂದ ಬಿಟ್ಟೇನಿ, ಈಗ ಯಾವ ನಾಯೀನೂ ಇಲ್ಲಲ್ಲೋ ತಮ್ಮಾ. ಯಾರಿಗೆ ಓದಿ ಹೇಳಲಿ?”