ಒಂದು ಕೈ ಬೆರಳಿನಷ್ಟು ದೂರ

ಆಕೆಗೆ ಓಣಿಯವರು ಇಟ್ಟ ಹೆಸರು ಗಡಿಯಾರದಕ್ಕ. ಕೆಲಸವೇನೋ ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು. ಬಿರುದು ಮಾತ್ರ ಅಕ್ಕನ ದೆಸೆಯಿಂದ ಬಂದದ್ದು. ಅಕ್ಕ ಹೊರದೇಶದಲ್ಲಿ ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳಲು ಹೋದವಳು ಒಮ್ಮೆಯೂ ತಿರುಗಿ ಬಂದಿರಲಿಲ್ಲ. ಅಲ್ಲಿಯ ಗಡಿಯಾರ ಇಲ್ಲಿಗಿಂತ ಹೆಚ್ಚುಕಮ್ಮಿ ಐದು ಗಂಟೆ ಹಿಂದೆ. "ಅವಳು ಹೇಳಿದ ಗಂಟೆಗೆ ಒಂದು ಕೈ ಬೆರಳು ಸೇರಿಸು, ನಮ್ಮ ಗಂಟೆ ಬರುತ್ತೆ" ಎಂದು ಅಮ್ಮನೇ ಕಲಿಸಿದ್ದಳು. ಆಮೇಲೆ ಮಕ್ಕಳು ಆ ಕಡೆಯ ದೇಶಗಳಲ್ಲಿದ್ದ ನೆರೆಯವರೆಲ್ಲ ಫೋನ್ ಮಾಡುವ ಮುಂಚೆ ಇವಳ ಬಾಗಿಲು ತಟ್ಟತೊಡಗಿದರು. ಇವಳೂ ಏನು ಕಮ್ಮಿ? ಭಾರೀ ಜಂಬದಿಂದ ಬೆರಳು ಮಡಚುತ್ತಿದ್ದಳು.

ಅಮ್ಮನ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದಾಗ ಅಕ್ಕ ಸಿಕ್ಕ ವಿಮಾನ ಹತ್ತಿದಳು. ಟಿಕೆಟ್ಟಿನ ಫೋಟೋ ಇವಳ ಫೋನಿಗೆ ಬಂತು. ಹೊರಡುವುದು ಬೆಳಿಗ್ಗೆ ಆರಕ್ಕೆ, ಇಳಿಯುವುದು ಸಂಜೆ ಆರಕ್ಕೆ. ಇವಳು ರೂಢಿಯಂತೆ ಐದು ಬೆರಳು ಮಡಚಿದಳು. ಸಂಜೆ ಆರು ಅಂದರೆ ನಮಗೆ ರಾತ್ರಿ ಹನ್ನೊಂದು. ಹನ್ನೆರಡು ಗಂಟೆ ಹಾರಬೇಕು. ಅಯ್ಯೋ, ಅದೇನು ದೂರವಪ್ಪಾ!

ಸಂಜೆ ಐದರ ಹೊತ್ತಿಗೆ ಡಾಕ್ಟರಮ್ಮ ಮಂಚದ ಬಳಿ ಬಂದರು. "ಇವರಿಗೆ ಉಸಿರಾಡೋದೇ ಹಿಂಸೆ ಆಗ್ತಿದೆ. ಗಂಟಲಿಗೆ ಪೈಪು ಹಾಕ್ಬೇಕಂದ್ರೆ ನಿದ್ದೆ ಮಾಡಿಸ್ಬೇಕು. ಮತ್ತೆ ಏಳ್ತಾರೆ ಅಂತ ನಾನು ಹೇಳಲಾರೆ. ದೊಡ್ಡ ಮಗಳು ಬೇಗ ಬರೋದಾದ್ರೆ ಒಂದೆರಡು ಗಂಟೆ ಕಾಯೋಣ. ಎಷ್ಟೊತ್ತಿಗೆ ಬರ್ತಾರೆ?"

"ವಿಮಾನ ಇಳಿಯೋದೇ ಹನ್ನೊಂದಕ್ಕೆ, ಡಾಕ್ಟ್ರೇ."

ಆಕ್ಸಿಜನ್ ಮಾಸ್ಕಿನೊಳಗಿಂದ ಅಮ್ಮ ಕೇಳಿಸಿಕೊಂಡಳು. ಮಗಳ ಸೆರಗು ಜಗ್ಗಿದಳು.

"ಹನ್ನೊಂದಾ? ಸರಿಯಾಗಿ ಎಣಿಸಿದ್ಯಾ?"

"ಎರಡು ಸಲ ಎಣಿಸ್ದೆ ಕಣಮ್ಮ."

"ಹಾಗಾದ್ರೆ ನನ್ನ ಕೈಲಾಗಲ್ಲ ಮಗಳೇ. ಏಳಕ್ಕೋ ಎಂಟಕ್ಕೋ ಆಗಿದ್ರೆ ಹಲ್ಲು ಕಚ್ಕೊಂಡು ಇರ್ತಿದ್ದೆ. ಮಲಗಿಸ್ಬಿಡ್ಲಿ."

ಮಲಗಿಸಿದರು.

ಏಳು ಗಂಟೆಗೆ ಅಕ್ಕ ಏದುಸಿರು ಬಿಡುತ್ತಾ ಒಳಗೆ ಬಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಅಮ್ಮನ ಕೆನ್ನೆ ತಟ್ಟಿದಳು, ಕೂಗಿದಳು. ಅಮ್ಮ ಕಣ್ಣು ಬಿಡಲಿಲ್ಲ.

"ಇಷ್ಟು ಬೇಗ ಹೇಗೆ ಬಂದೆ?" ಎಂದಳು ತಂಗಿ.

"ಬೇಗ ಎಲ್ಲಿ ಬಂದೆ? ಆರಕ್ಕೇ ಇಳಿದೆ. ಟಿಕೆಟ್ ಕಳಿಸಿದ್ನಲ್ಲೇ! ಅಮ್ಮ ನನ್ನ ಕೇಳಿದ್ಲಾ?"

"ಕೇಳಿದ್ಲು. ನಾನು ಹನ್ನೊಂದು ಅಂದೆ." ಇವಳು ಮತ್ತೆ ಐದು ಬೆರಳು ಮಡಚಿ ತೋರಿಸಿದಳು.

ಅಕ್ಕ ಅವಳ ಮಡಚಿದ ಬೆರಳುಗಳನ್ನು ನೋಡಿದಳು. ತನಗೂ ಅದೇ ಲೆಕ್ಕ ಕಲಿಸಿದ್ದು ಅಮ್ಮನೇ. "ಅಯ್ಯೋ ಹುಚ್ಚಿ, ಟಿಕೆಟ್‌ನಲ್ಲಿ ಇಳಿಯೋದಕ್ಕೆ ಹಾಕೋದು ಇಳಿಯೋ ಊರಿನ ಗಂಟೆ ಕಣೇ. ಅದು ಆಗ್ಲೇ ನಮ್ಮ ಗಂಟೆ. ನಾನು ಹೊರಟಾಗ ಇಲ್ಲಿ ಹನ್ನೊಂದರ ಹೊತ್ತು, ಏಳೇ ಗಂಟೆ ದಾರಿ."

ಬೆಳಗಾಗುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಳು. ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಇವಳಿಗೆ.

ಅಕ್ಕ ಮರಳಿ ಹೋದ ಮೇಲೆ ಪಕ್ಕದ ಮನೆ ಅಜ್ಜಿ ಎಂದಿನಂತೆ ಬಾಗಿಲು ತಟ್ಟಿದಳು. "ಗಡಿಯಾರದಕ್ಕಾ, ನನ್ನ ಮಗನಿಗೆ ಈಗ ಎಷ್ಟು ಗಂಟೆ?"

ಇವಳು ಕಾಜಾ ಹೊಲಿಯುತ್ತಿದ್ದ ಅಂಗಿಯಿಂದ ಕೈ ತೆಗೆಯಲಿಲ್ಲ.

"ಎಷ್ಟಾದ್ರೂ ಆಗಿರ್ಲಿ ಅಜ್ಜಿ, ಈಗ್ಲೇ ಫೋನ್ ಮಾಡಿ. ಮಲಗಿದ್ರೆ ಏಳ್ತಾನೆ."