ಚಪ್ಪಲಿ ಬಿಟ್ಟು ಹೋದವಳು

ತಂಗಿ ಒಂದನೇ ತರಗತಿಗೆ ಸೇರಿದ ಜೂನ್ ತಿಂಗಳಲ್ಲಿ ನಾನು ಅವಳ ಶಾಲೆಯ ಪಡಸಾಲೆಯಲ್ಲಿ ಕೂತಿರಬೇಕಿತ್ತು. ಕೂತಿರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಕೂರಲಿಲ್ಲ. ಅಷ್ಟೇ ಆಗಿದ್ದರೆ ಇಷ್ಟು ವರ್ಷ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲವೇನೋ. ಅವಳು ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಾಗ, ಅವ್ವನ ಮುಂದೆ ನಿಂತು ಅದು ಸುಳ್ಳು ಎಂದೆ.

ನಾನು ಆರನೆಯ ತರಗತಿಯವರೆಗೆ ಓದಿದವಳು. ತಂಗಿ ಹುಟ್ಟಿದಾಗ ನನಗೆ ಎಂಟು ವರ್ಷ. ಅವ್ವ ಕೂಲಿಗೆ ಹೋಗುತ್ತಿದ್ದಳು. ಅಪ್ಪ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತ ಊರೂರು ತಿರುಗುತ್ತಿದ್ದ. ತಂಗಿ ಬೆಳೆದದ್ದು ನನ್ನ ಬಗಲಲ್ಲಿ. ನಡೆಯಲು ಕಲಿತ ಮೇಲೂ ಅಲ್ಲಿಂದ ಇಳಿಯಲಿಲ್ಲ. ಏಳನೆಯದಕ್ಕೆ ನನ್ನ ಹೆಸರು ಹಚ್ಚಿದ್ದರು. ಎರಡು ದಿನ ಹೋಗುವುದು, ನಾಲ್ಕು ದಿನ ತಪ್ಪಿಸುವುದು, ಹೀಗೇ ನಡೆದು ಕೊನೆಗೆ ಬಿಟ್ಟೇ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ. ಹೋಗು ಅಂತಲೂ ಯಾರೂ ಅನ್ನಲಿಲ್ಲ.

ಹೀಗಾಗಿ ಅವಳು ಶಾಲೆಗೆ ಹೋಗುವ ವರ್ಷ ಬಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ. ಅವಳು ನಾಲ್ಕು ಅಕ್ಷರ ಕಲಿಯುತ್ತಾಳೆ ಎಂಬ ಖುಷಿಯಲ್ಲ ಅದು. ನನ್ನ ಬಗಲು ಖಾಲಿಯಾಗುತ್ತದೆ ಎಂಬ ಖುಷಿ.

ಆ ಖುಷಿ ಮೊದಲ ದಿನವೇ ಇಳಿಯಿತು. ತಂಗಿ ನನ್ನ ಲಂಗ ಹಿಡಿದವಳು ಬಿಡಲೇ ಇಲ್ಲ. ಟೀಚರ್ ಒಂದೊಂದೇ ಬೆರಳು ಬಿಡಿಸಿದರು, ಅವಳು ಇನ್ನೊಂದು ಕಡೆ ಹಿಡಿದಳು. ಅತ್ತು ಅತ್ತು ಬಿಕ್ಕಳಿಕೆ ಹತ್ತಿತು. ಅವಳನ್ನು ನೋಡಿ ಇನ್ನೂ ನಾಲ್ಕು ಮಕ್ಕಳು ಶುರುಮಾಡಿದವು.

"ಎಂಟ ದಿವಸ ನೀನೂ ಬಂದು ಕುಂಡ್ರು," ಎಂದರು ಟೀಚರ್ ನನಗೆ. "ಆದ್ರ ಕಣ್ಮುಂದ ಬ್ಯಾಡ. ನೀ ಕಂಡ್ರ ಆಕಿ ಲಕ್ಷ್ಯ ಎಲ್ಲಾ ನಿನ್ನ ಕಡೆನ. ಆ ಗ್ವಾಡಿ ಮರೀಗೆ ಕುಂಡ್ರು."

ನಾನು ಪಡಸಾಲೆಯ ತಿರುವಿನಲ್ಲಿ, ಗೋಡೆಯ ಆಚೆ ಕೂರಬೇಕು. ತಂಗಿಗೆ ಕಾಣುವುದು ಬಾಗಿಲು ಮಾತ್ರ, ಅದರ ಹೊರಗಿನ ಮೆಟ್ಟಿಲು ಮಾತ್ರ.

"ನೀ ಕಾಣಂಗಿಲ್ಲಲ್ಲ," ಎಂದಳು ಅವಳು.

"ನನ್ನ ಚಪ್ಪಲ ಕಾಣತಾವಲ್ಲ? ಇಲ್ಲೇ ಮೆಟ್ಟಲ ಮ್ಯಾಲ ಬಿಟ್ಟಿರ್ತೀನಿ. ಚಪ್ಪಲ ಬಿಟ್ಟು ಯಾರರ ಹೋಗ್ತಾರೇನ ಹುಚ್ಚಿ?"

ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ? ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಮೊದಲು ನೋಡುವುದು ಹೊಸ್ತಿಲ ಹೊರಗಿನ ಚಪ್ಪಲಿಗಳನ್ನು. ದೊಡ್ಡವರ ಚಪ್ಪಲಿ ಇದ್ದರೆ ದೊಡ್ಡವರು ಇದ್ದಾರೆ, ಹೆಚ್ಚಿಗೆ ಜೋಡು ಕಂಡರೆ ಬೀಗರು ಬಂದಿದ್ದಾರೆ, ಒಂದೂ ಇಲ್ಲದಿದ್ದರೆ ಕೂಗದೆ ಹಿಂದಿರುಗುತ್ತೇವೆ. ಅವಳು ಮಾತು ಕಲಿಯುವ ಮೊದಲೇ ಇದನ್ನು ಕಲಿತಿದ್ದಳು. ಅಪ್ಪನ ಚಪ್ಪಲಿ ಕಂಡರೆ ಸಾಕು, ಬಾಗಿಲಿನಿಂದಲೇ "ಅಪ್ಪಾ" ಎನ್ನುತ್ತಿದ್ದಳು. ನನ್ನ ಚಪ್ಪಲಿಯಂತೂ ದೂರದಿಂದಲೇ ಗುರುತು ಸಿಗುತ್ತಿತ್ತು. ಕಿತ್ತುಹೋದ ಕೆಂಪು ಪಟ್ಟಿಗೆ ನಾನೇ ನೀಲಿ ದಾರದಲ್ಲಿ ಹೊಲಿಗೆ ಹಾಕಿಕೊಂಡಿದ್ದೆ.

ಮೊದಲ ಎರಡು ದಿನ ನಿಜವಾಗಿಯೂ ಕೂತೆ. ಒಳಗೆ ಮಕ್ಕಳು ಹಾಡುತ್ತಿದ್ದವು. ಅಡುಗೆ ಕೋಣೆಯಿಂದ ಬೇಳೆಯ ವಾಸನೆ ಬರುತ್ತಿತ್ತು. ನನ್ನ ಜೊತೆ ಕಲಿತವರು ಎಂಟನೆಯ ತರಗತಿ ಮುಗಿಸಿ ಅಣ್ಣಿಗೇರಿಯ ಹೈಸ್ಕೂಲಿಗೆ ಹೋಗತೊಡಗಿದ್ದರು. ಅದೇ ಹೊತ್ತಿಗೆ, ಶಾಲೆಯ ಹಿಂದಿನ ಓಣಿಯಲ್ಲಿ, ನನಗೆ ಬೇಕಾದದ್ದು ಒಂದು ನಡೆಯುತ್ತಿತ್ತು. ಊರವರೆಲ್ಲ ಆಪಾ ಎಂದು ಕರೆಯುವ ಒಬ್ಬರು ತಮ್ಮ ಮನೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಕಲಿಸುವುದು ಬೆಳಿಗ್ಗೆ ಮಾತ್ರ, ಬೆಳಕು ಚೆನ್ನಾಗಿರುವಾಗ. ಮಧ್ಯಾಹ್ನದ ಮೇಲೆ ಮಷಿನ್ ಅವರ ಸ್ವಂತ ಕೆಲಸಕ್ಕೆ.

ಮೂರನೆಯ ದಿನ ಚಪ್ಪಲಿಗಳನ್ನು ಮೆಟ್ಟಿಲ ಮೇಲೆ ಜೋಡಿಸಿಟ್ಟು, ಗೋಡೆಯ ಮರೆಯಿಂದ ಹಾಗೇ ಹೊರಟುಹೋದೆ.

ನಮ್ಮದು ಎರೆ ನೆಲ. ಒಂದು ಮಳೆ ಬಿದ್ದರೆ ಸಾಕು, ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲಾಗುವುದಿಲ್ಲ. ಜೂನ್ ತಿಂಗಳಲ್ಲಿ ಅರ್ಧ ಊರು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಓಡಾಡುತ್ತದೆ. ಬರಿಗಾಲಲ್ಲಿ ಹೊರಟ ಹುಡುಗಿಯನ್ನು ನಿನ್ನ ಚಪ್ಪಲಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಊಟದ ಗಂಟೆಗೆ ಮೊದಲು ಓಡಿಬಂದು, ನಳದಲ್ಲಿ ಕಾಲು ತೊಳೆದು, ಗೋಡೆಯ ಮರೆಯಲ್ಲಿ ಕೂತುಬಿಟ್ಟೆ. ತಂಗಿ ಹೊರಗೆ ಬಂದು ನನ್ನನ್ನು ನೋಡಿ ನಕ್ಕಳು. ಅವತ್ತು ಅತ್ತಿರಲಿಲ್ಲವಂತೆ. ಟೀಚರ್ ಹೊಗಳಿದರು.

ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಒಂದು ದಿನ ಅವಳು ನನ್ನ ಹಿಮ್ಮಡಿ ಮುಟ್ಟಿ, "ಕಾಲಿಗೆ ಯಾಕ ರಾಡಿ ಹತ್ತೇತಿ?" ಎಂದಳು.

"ನಳದ ಹತ್ರ ಹೋಗಿದ್ನಿ," ಎಂದೆ. ಅದನ್ನೂ ನಂಬಿದಳು.

ಆಪಾ ನನಗೆ ಕಾಲರ್ ಕೂರಿಸುವುದನ್ನು ಕಲಿಸಿದ ದಿನ ದೊಡ್ಡ ಮಳೆ ಬಂತು. ಯಾರದೋ ಹುಡುಗನ ಶಾಲೆಯ ಅಂಗಿ ಅದು. ಮೊದಲ ಸಲ ನನ್ನ ಕೈಗೆ ನಿಜವಾದ ಬಟ್ಟೆ ಕೊಟ್ಟಿದ್ದರು. ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಮಷಿನ್ನಿನ ಸದ್ದೂ ಕೇಳಿಸುತ್ತಿರಲಿಲ್ಲ.

"ನಿನ್ನ ತಂಗಿ ಸಾಲ್ಯಾಗ ಅದಾಳಲ್ಲ, ಹತ್ರ ಯಾರದಾರವ್ವ?" ಎಂದು ಆಪಾ ಕೇಳಿದರು.

"ಟೀಚರ್ ಅದಾರ್ರೀ," ಎಂದೆ. ತಲೆ ಎತ್ತಲಿಲ್ಲ. ಕಾಲರ್ ಅರ್ಧಕ್ಕೆ ಬಂದಿತ್ತು. ಅದೊಂದನ್ನು ಮುಗಿಸಿಯೇ ಏಳೋಣ ಎಂದುಕೊಂಡೆ.

ನಾನು ಶಾಲೆಗೆ ಓಡಿ ಬಂದಾಗ ತಂಗಿ ಗಟಾರದ ಅಂಚಿನಲ್ಲಿ ನಿಂತಿದ್ದಳು. ಹೊಸ ಯೂನಿಫಾರ್ಮಿಗೆ ಎದೆಯವರೆಗೆ ಕಪ್ಪು ರಾಡಿ. ಟೀಚರ್ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದರು. ಅವಳು ಒಂದು ಚಪ್ಪಲಿಯನ್ನು ಎದೆಗೆ ಒತ್ತಿ ಹಿಡಿದು ಗಟಾರದ ನೀರನ್ನೇ ನೋಡುತ್ತಿದ್ದಳು.

ಆದದ್ದು ಇಷ್ಟು. ಮಳೆಯ ನೀರು ಮೆಟ್ಟಿಲ ಮೇಲೆ ಏರಿ ನನ್ನ ಚಪ್ಪಲಿಗಳು ತೇಲಿದವು. ಅದನ್ನು ಕಂಡ ತಂಗಿ ನನಗೆ ಹೇಳಲು ಗೋಡೆಯ ಮರೆಗೆ ಓಡಿದಳು. ನಾನು ಅಲ್ಲಿರಲಿಲ್ಲ. ಅಲ್ಲಿ ಒಂದು ಗಳಿಗೆ ನಿಂತಳಂತೆ. ಆಮೇಲೆ ತಾನೇ ಚಪ್ಪಲಿಯ ಹಿಂದೆ ಮಳೆಯಲ್ಲಿ ಇಳಿದಳು.

ನನ್ನನ್ನು ನೋಡಿ ಎಲ್ಲಿ ಹೋಗಿದ್ದೆ ಎಂದು ಅವಳು ಕೇಳಲಿಲ್ಲ. "ಒಂದು ಹೋತು," ಎಂದಳು. "ನೀ ಈಗ ಮನೀಗೆ ಹೆಂಗ ಬರ್ತೀ?"

ಟೀಚರ್ ಕೇಳಿದರು. "ಎಲ್ಲಿ ಹಾಳಾಗಿ ಹೋಗಿದ್ದೆಬೇ? ಕೂಸು ಗಟಾರದಾಗ ಬೀಳತಿತ್ತು!"

"ಒಂದಕ್ಕ ಹೋಗಿದ್ನಿರಿ," ಎಂದೆ.

ಸಂಜೆ ಅವ್ವ ಹೊಲದಿಂದ ಬಂದಳು. ಮಗಳ ಯೂನಿಫಾರ್ಮ್ ನೋಡಿ ತಲೆಯ ಮೇಲೆ ಕೈ ಹೊತ್ತಳು. ತಂಗಿ ಹೇಳಿದಳು. "ಅಕ್ಕ ಅಲ್ಲಿ ಇರಲೇ ಇಲ್ಲ ಬೇ. ಬರೇ ಚಪ್ಪಲ ಇದ್ದೂ."

ಅವ್ವ ನನ್ನ ಕಡೆ ತಿರುಗಿದಳು. "ಹೌದೇನ?"

ಆ ಒಂದು ಮಾತಿಗೆ ಹೌದು ಎಂದಿದ್ದರೆ ನನಗೆ ಎರಡು ಏಟು ಬೀಳುತ್ತಿದ್ದವು, ಹೊಲಿಗೆ ನಿಲ್ಲುತ್ತಿತ್ತು. ಮುಗಿಯುತ್ತಿತ್ತು.

"ಸುಳ್ಳು ಹೇಳ್ತಾಳವ್ವಾ," ಎಂದೆ. "ನಾ ಅಲ್ಲೇ ಕುಂತಿದ್ನಿ. ಮಳ್ಯಾಗ ಆಡಾಕ ಹೋಗಿ ಬಿದ್ದಾಳ. ಈಗ ನನ್ನ ಮ್ಯಾಲ ಹಾಕ್ತಾಳ."

ಅವ್ವ ದಿನವಿಡೀ ಬಗ್ಗಿ ದುಡಿದು ಬಂದಿದ್ದಳು. ಯೂನಿಫಾರ್ಮ್ ಇದ್ದದ್ದು ಒಂದೇ ಜೋಡು. ತಂಗಿಯನ್ನು ಎಳೆದು ಕೆನ್ನೆಗೆ ಒಂದು ಕೊಟ್ಟಳು. "ಇಷ್ಟ ಇದ್ದೀ, ಈಗ ಸುಳ್ಳು ಕಲೀತೀ? ಅಕ್ಕನ ಮ್ಯಾಲ ಚಾಡಿ ಹೇಳ್ತೀ?"

ತಂಗಿ ಅಳಲಿಲ್ಲ. ನೆರಳು ಕಂಡರೂ ಅಳುತ್ತಿದ್ದ ಹುಡುಗಿ. ಕೆನ್ನೆ ಹಿಡಿದುಕೊಂಡು ನನ್ನನ್ನೇ ನೋಡಿದಳು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ನಾನು ಈಗ ನಿಜ ಹೇಳುತ್ತೇನೆ ಎಂದು ಕಾಯುತ್ತಿದ್ದಳು. ನಾನು ಒಲೆಯ ಕಡೆ ಹೋಗಿ ರೊಟ್ಟಿಯ ಹಿಟ್ಟು ನಾದಲು ಕೂತೆ.

ಮರುದಿನ ಬೆಳಿಗ್ಗೆ ತಾನೇ ಪಾಟಿಚೀಲ ಹೆಗಲಿಗೆ ಹಾಕಿಕೊಂಡಳು. ಬಗಲಿಗೆ ಬಾ ಎಂದೆ, ಬರಲಿಲ್ಲ. ಶಾಲೆಯ ಬಾಗಿಲಲ್ಲಿ ನನ್ನ ಕೈ ಬಿಟ್ಟು ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಅವ್ವನ ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಅವನ್ನು ಮೆಟ್ಟಿಲ ಮೇಲೆ ಬಿಡಲೋ ಬೇಡವೋ ಎಂದು ನಿಂತಿದ್ದಾಗ ಟೀಚರ್ ಹೊರಗೆ ಬಂದರು. "ನೋಡು, ಹೊಂದಿಕೊಂಡ್ಲು. ಇನ್ನ ನೀ ಬರೂದು ಬ್ಯಾಡ."

ಅವ್ವನಿಗೂ ಹೆಮ್ಮೆ. "ಒಂದ ಏಟಿಗೆ ಸುದ್ದ ಆದ್ಲು ನೋಡ್ರಿ," ಎಂದು ಓಣಿಯಲ್ಲೆಲ್ಲ ಹೇಳಿದಳು. ನನಗೂ ಹಗುರವಾಯಿತು. ಸುಳ್ಳು ಯಾಕೆ ಬರೆಯಲಿ? ಇಡೀ ಬೆಳಗು ಹೊಲಿಗೆಗೆ ಸಿಕ್ಕಿತು.

ಹಾಗೆ ಕಲಿತದ್ದೇ ಇವತ್ತು ನನ್ನ ಹೊಟ್ಟೆಪಾಡು. ನನ್ನನ್ನು ಕೊಟ್ಟದ್ದು ಅದೇ ಊರಿಗೆ, ಎರಡು ಓಣಿ ಆಚೆ. ಪ್ರತಿ ಜೂನ್‌ನಲ್ಲಿ ಊರ ಮಕ್ಕಳ ಯೂನಿಫಾರ್ಮ್ ನನ್ನ ಮನೆಯ ಮೂಲೆಯಲ್ಲಿ ರಾಶಿ ಬೀಳುತ್ತವೆ. ಒಂದೊಂದು ಕಾಲರ್ ಮಡಚುವಾಗಲೂ ಆ ಮಳೆ ನೆನಪಾಗುತ್ತದೆ. ತಂಗಿ ಓದಿದಳು. ಈಗ ಬಸ್ಸಿನಲ್ಲಿ ಅಣ್ಣಿಗೇರಿಯ ಕಾಲೇಜಿಗೆ ಹೋಗಿಬರುತ್ತಾಳೆ. ನನ್ನೊಡನೆ ನಗುತ್ತಾಳೆ, ಜಗಳಾಡುತ್ತಾಳೆ, ನನ್ನ ಮಗನನ್ನು ಹೊತ್ತು ತಿರುಗುತ್ತಾಳೆ. ಆದರೆ ಒಂದು ರೂಢಿ ಉಳಿದಿದೆ. ಮನೆಗೆ ಬಂದಾಗ ಬಾಗಿಲಲ್ಲಿ ನನ್ನ ಚಪ್ಪಲಿ ಕಂಡರೂ ಹೊಸ್ತಿಲಲ್ಲಿ ನಿಂತು ಕೂಗುತ್ತಾಳೆ. "ಅಕ್ಕಾ, ಅದೀಯೇನ?" ನಾನು ಓ ಎನ್ನುವವರೆಗೆ ಒಳಗೆ ಬರುವುದಿಲ್ಲ. ನನ್ನ ಗಂಡ ನಗುತ್ತಾನೆ. "ಚಪ್ಪಲ ಕಾಣವಲ್ವೇನ ನಿನ್ನ ತಂಗಿಗೆ?" ನನಗೆ ನಗು ಬರುವುದಿಲ್ಲ.

ಹೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಹೇಳುವ ಬದಲು ಅವಳಿಗೆ ಚೂಡಿದಾರ ಹೊಲಿದು ಕೊಡುತ್ತಿದ್ದೆ.

ಈ ಜೂನ್‌ನಲ್ಲಿ ನನ್ನ ಮಗ ಒಂದನೆಯ ತರಗತಿಗೆ ಸೇರಿದ. ಅದೇ ಶಾಲೆ, ಅದೇ ಮೆಟ್ಟಿಲು. ಎರಡನೆಯ ದಿನ ಬೆಳಿಗ್ಗೆ ಮಂಚದ ಕಾಲು ಹಿಡಿದು ಅಳಲು ಕೂತ. ನನ್ನ ಮಷಿನ್ ಮೇಲೆ ಯಾರದೋ ಲಂಗ ಅರ್ಧಕ್ಕೆ ನಿಂತಿತ್ತು. ಅವ್ವ ಬಂದಿದ್ದಳು, ತಂಗಿಯೂ ಇದ್ದಳು.

"ಒಂದ ಕೊಡ ಅವಗ," ಎಂದಳು ಅವ್ವ ನಗುತ್ತ. "ನಿನ್ನ ತಂಗಿನೂ ಹಿಂಗ ಇದ್ಲು. ಅಕ್ಕ ಸಾಲ್ಯಾಗ ಇರಲೇ ಇಲ್ಲಂತ ನಿನ್ನ ಮ್ಯಾಲ ಸುಳ್ಳು ಹೇಳಿದ್ಲು. ಒಂದ ಬಿತ್ತು, ಮರದಿವಸ ತಾನ ಹೋದ್ಲು. ಹೌದಿಲ್ಲೋ ಬೇ?"

ತಂಗಿ ಬಗ್ಗಿ ಮಗನ ಮೂಗು ಒರೆಸಿದಳು. "ನಡಿಯಪಾ, ನಾವಿಬ್ರೂ ಹೋಗೂಣು," ಎಂದು ಎತ್ತಿಕೊಂಡು ಹೊರಟಳು.

ಅವನ ನೀರಿನ ಬಾಟಲಿ ಮನೆಯಲ್ಲೇ ಉಳಿದಿತ್ತು. ಅದನ್ನು ಹಿಡಿದುಕೊಂಡು ನಾನು ಹಿಂದೆ ಹೋದೆ. ಶಾಲೆಯ ಮೆಟ್ಟಿಲ ಮೇಲೆ ತಂಗಿ ಅವನ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಬಂದದ್ದು ಅವರಿಗೆ ಕಾಣಲಿಲ್ಲ.

"ಚಿಗವ್ವಾ, ಇಲ್ಲೇ ಕುಂಡ್ರತೀಯಿಲ್ಲ?" ಎಂದು ಮಗ ಕೇಳಿದ.

"ಇಲ್ಲಪಾ. ನಾ ಹೋಗ್ತೀನಿ."

"ಚಪ್ಪಲ ಬಿಟ್ಟು ಹೋಗು ಹಂಗಾರ."

"ಬಿಡೂದಿಲ್ಲ. ನೋಡು, ಹಾಕ್ಕೊಂಡೆ. ನಾ ಇಲ್ಲಿ ಇರೂದಿಲ್ಲ. ಊಟದ ಗಂಟಿ ಹೊಡದಾಗ ಬಂದು ಇಲ್ಲೇ ನಿಂತಿರ್ತೀನಿ."

"ನನಗ ಅಳು ಬಂದ್ರ?"

"ಅಳು. ಬ್ಯಾಡ ಅಂದೋರ್ಯಾರು?"

ಅವನು ಅಳುತ್ತಲೇ ಒಳಗೆ ಹೋದ. ತಂಗಿ ಎದ್ದು ತಿರುಗಿದಾಗ ನನ್ನನ್ನು ನೋಡಿದಳು. ಬಾಟಲಿ ಇಸಿದುಕೊಂಡು ಒಳಗೆ ಕೊಟ್ಟು ಬಂದಳು. ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ರಾಡಿಯಲ್ಲಿ ನಡೆದೆವು. ಇವಳೊಬ್ಬಳಿಗೇ ಹೇಳಿದರೆ ಸಾಲದು ಎನಿಸಿತು. ನಾನು ಅಲ್ಲಿರಲಿಲ್ಲ ಎಂಬುದು ಇವಳಿಗೆ ಗೊತ್ತೇ ಇತ್ತು. ಗೊತ್ತಿಲ್ಲದವಳು ಮನೆಯಲ್ಲಿ ಕೂತಿದ್ದಳು.

ಅವ್ವ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಂಗಿ ಕಾಲು ತೊಳೆಯಲು ತಂಬಿಗೆ ಎತ್ತಿಕೊಂಡಳು.

"ಅವ್ವಾ," ಎಂದೆ. "ಅವತ್ತ ಸುಳ್ಳು ಹೇಳಿದಾಕಿ ಈಕಿ ಅಲ್ಲ. ನಾ. ನಾ ಸಾಲ್ಯಾಗ ಇರಲಿಲ್ಲ. ಚಪ್ಪಲ ಬಿಟ್ಟು ಹೊಲಗಿ ಕಲ್ಯಾಕ ಹೋಗಿದ್ನಿ."

ಅವ್ವನ ಕೈ ನಿಂತಿತು. ನನ್ನನ್ನು ನೋಡಿದಳು, ತಂಗಿಯನ್ನು ನೋಡಿದಳು. "ಮತ್ತ ಇಷ್ಟ ವರ್ಷ ಏನ ಬಾಯಿ ಹೊಲಕೊಂಡಿದ್ದೇನ?" ಎಂದಳು. ದನಿ ಏರಿಸಿ ಶುರುಮಾಡಿದ ಮಾತು ಕೊನೆಗೆ ಬರುವಷ್ಟರಲ್ಲಿ ಸಣ್ಣದಾಗಿತ್ತು. "ನಾ ಕೂಸಿಗೆ ಹೊಡದೆನಲ್ಲ..."

ತಂಗಿ ತಂಬಿಗೆಯ ನೀರನ್ನು ಕಾಲಿಗೆ ಹಾಕಿಕೊಳ್ಳುತ್ತಲೇ ಇದ್ದಳು. ರಾಡಿ ಹೋಗಿದ್ದರೂ ಹಾಕಿಕೊಳ್ಳುತ್ತಿದ್ದಳು. ನಾನು ಹತ್ತಿರ ಹೋಗಿ ಅವಳ ಕೈಯಿಂದ ತಂಬಿಗೆ ತೆಗೆದುಕೊಂಡೆ. ಅವಳು ತಲೆ ಎತ್ತಿದಳು. ಕೆನ್ನೆ ಹಿಡಿದುಕೊಂಡು ಕಾದಿದ್ದ ದಿನದಂತೆಯೇ ನೋಡಿದಳು.

"ತಪ್ಪಾತವಾ ತಂಗಿ," ಎಂದೆ. "ನೀ ಹೇಳಿದ್ದು ಖರೆ ಇತ್ತು. ನಾ ಅಲ್ಲಿ ಇರಲಿಲ್ಲ."