ದೊಡ್ಡವ್ವನಲ್ಲಿ ಉಳಿದ ಒಂದು ಮಾತು

ಗಂಗಾವತಿ ದಾಟಿ ಶ್ರೀರಾಮನಗರದ ಹಾದಿ ಹಿಡಿದರೆ ಈಗಲೂ ಬಸ್ಸಿನ ಕಿಟಕಿಯಿಂದ ಬೇಯಿಸಿದ ಭತ್ತದ ಬಿಸಿ ವಾಸನೆ ನುಗ್ಗುತ್ತದೆ. ಬೇರೆಯವರು ಮೂಗಿಗೆ ಸೆರಗು ಹಿಡಿಯುತ್ತಾರೆ. ನಾನು ಮಾತ್ರ ಉಸಿರೆಳೆದುಕೊಂಡು ಕೂರುತ್ತೇನೆ. ನನ್ನ ದೊಡ್ಡವ್ವ ರೂತವ್ವನ ಸೀರೆಗೆ ಇದೇ ವಾಸನೆಯಿತ್ತು. ನನ್ನನ್ನು ಹೆತ್ತು ಅವ್ವ ಕಣ್ಣು ಮುಚ್ಚಿದಾಗ, ಅವಳ ಅಕ್ಕನಾದ ಈಕೆ ನಮ್ಮೂರು ಬೇವೂರಿಗೆ ಬಂದು, ಹಸುಗೂಸನ್ನು ಮಡಿಲಿಗೆ ಹಾಕಿಕೊಂಡು ಈ ಕಾಲುವೆ ಸೀಮೆಗೆ ತಂದಳಂತೆ. ಹಗಲೆಲ್ಲ ರೈಸ್‌ಮಿಲ್ಲಿನ ಕಣದಲ್ಲಿ ಭತ್ತ ಒಣಹಾಕುವ ಕೆಲಸ, ಸಂಜೆ ಪ್ರಾರ್ಥನೆ. ಅವಳ ಪ್ರಾರ್ಥನೆಯೆಂದರೆ ದೇವರ ಜೊತೆ ಜಗಳ. ಓಣಿಯ ತುದಿಗೂ ಕೇಳಿಸುತ್ತಿತ್ತು. "ದೇವ್ರಿಗೆ ಕಿವಿ ಛಲೋ ಅದಾವಬೇ ರೂತವ್ವ, ಸಾವಕಾಶ ಮಾತಾಡು," ಎಂದು ಪಕ್ಕದ ಮನೆಯ ಜೈನಬಿ ಖಾಲಾ ನಗುತ್ತಿದ್ದಳು.

ಅಂಥ ಬಾಯಿಗೆ ಒಂದು ಬೆಳಿಗ್ಗೆ ಬೀಗ ಬಿತ್ತು. ನಾನಿನ್ನೂ ಸಣ್ಣ ಸಾಲೆಯಲ್ಲಿದ್ದೆ. ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತವು. ಮಾತೆಲ್ಲ ಹೋಗಿ ಒಂದೇ ಉಳಿಯಿತು: "ಸಾಕು." ಗಂಜಿ ಕುಡಿಸಿದರೆ "ಸಾಕು", ಗಾಳಿ ಬೀಸಿದರೆ "ಸಾಕು", ಯಾರೂ ಇಲ್ಲದಾಗ ಜಂತಿ ನೋಡುತ್ತ "ಸಾಕು". ಜೀವಕ್ಕೆ ಬೇಸರ ಬಂದಿದೆ ಎಂದರು ಜನ. ಚರ್ಚಿನ ಸಭೆಯ ಅಯ್ಯನವರು ಬಂದು, ನಮ್ಮ ಬಲ ಮುಗಿದಲ್ಲಿ ದೇವರ ಕೃಪೆ ಬಂದು ನಿಲ್ಲುತ್ತದೆ ಎಂದು ಸಮಾಧಾನ ಹೇಳಿದರು. ನನಗೆ ಕೃಪೆ ಎಲ್ಲೂ ಕಾಣಲಿಲ್ಲ. ಕಂಡದ್ದು ಓರೆಯಾದ ಬಾಯಿಂದ ಇಳಿಯುವ ಜೊಲ್ಲು. ಆ ಒಂದು ಮಾತು ಮನೆಯೊಳಗೆ ದೆವ್ವದ ಹಾಗೆ ಓಡಾಡುತ್ತಿತ್ತು. ಸಾಲೆಯಲ್ಲಿ ಕೂತರೂ ಕಿವಿಯಲ್ಲಿ ಅದೇ.

ಬೇವೂರಿನಿಂದ ಸೋದರಮಾವ ಬಂದ. "ಅಕ್ಕಾ, ನಿನಗ ನಿನ್ನ ಮೈನ ಭಾರ ಆಗೈತಿ. ಹುಡುಗಿನ್ನ ಕರ್ಕೊಂಡು ಹೋಗಿ ಹಾಸ್ಟೆಲಿಗೆ ಹಾಕ್ತೀನಿ," ಎಂದ.

"ಸಾಕು," ಎಂದಳು ದೊಡ್ಡವ್ವ. ಮಾವ ಅದನ್ನೇ ಒಪ್ಪಿಗೆ ಎಂದುಕೊಂಡು ನನ್ನ ಬಟ್ಟೆ ಗಂಟು ಕಟ್ಟತೊಡಗಿದ.

"ನಾ ನಿನಗ ಸಾಕಾಗೀನೇನು ದೊಡ್ಡವ್ವ?" ಎಂದು ನಾನು ಬಿಕ್ಕಿದೆ. ಅವಳು ಎಡಗೈಯಿಂದ ನನ್ನ ಜಡೆ ಹಿಡಿದು ಹತ್ತಿರಕ್ಕೆ ಎಳೆದಳು. ನೆತ್ತಿಯ ಮೇಲೆ ಅಂಗೈ ಒತ್ತಿ, ಜಂತಿಯ ಕಡೆ ಕಣ್ಣೆತ್ತಿ, "ಸಾಕು," ಎಂದಳು. ನನ್ನ ಮುಖ ನೋಡಿ, ಮತ್ತೆ ಮೇಲೆ ನೋಡಿ, ಸಿಟ್ಟಿನಿಂದ, "ಸಾಕು!" ಅದು ಹಳೆಯ ಪ್ರಾರ್ಥನೆಯದೇ ದನಿ.

"ಮಾವಾ, ಆಕಿ ಬ್ಯಾಡ ಅನ್ನಾಕತ್ತಿಲ್ಲ," ಎಂದೆ. "ನನ್ನ ನೀನ ಸಾಕು ಅಂತ ದೇವ್ರಿಗೆ ಹೇಳಾಕತ್ತಾಳ."

ಮಾವ ಗಂಟು ಬಿಚ್ಚಿಟ್ಟು ಒಬ್ಬನೇ ಊರಿಗೆ ಹೋದ. ಆಮೇಲೆ ನಮ್ಮನ್ನು ಸಾಕಿದ್ದು ಯಾರು ಅಂತ ಹೇಳಲಿ? ಖಾಲಾ ರೊಟ್ಟಿ ತಂದಳು. ಸಭೆಯ ಹೆಂಗಸರು ಸರದಿಯ ಮೇಲೆ ಮೈ ತೊಳೆದರು. ದೊಡ್ಡವ್ವನ ಕೈ ಗಟ್ಟಿಯಿದ್ದಾಗ ನಮ್ಮ ಹೊಸ್ತಿಲು ತುಳಿಯದವರೂ ಬಂದರು, ಅವಳು ಮಣ್ಣು ಸೇರುವ ತನಕ ಬಂದರು, ನನಗೆ ಕೆಲಸ ಸಿಗುವ ತನಕವೂ ಬಂದರು.

ಆ ಮನೆ ಈಗಿಲ್ಲ, ಅಲ್ಲೊಂದು ಗೋದಾಮು ನಿಂತಿದೆ. ನಾನು ಕೊಪ್ಪಳದಲ್ಲಿ ನರ್ಸು. ಕಾಲೂ ಮನಸ್ಸೂ ಸೋತು, ಬದುಕೇ ಬೇಡವೆನಿಸಿದ ದಿನ, "ಸಾಕಪ್ಪಾ" ಎಂದು ಬಾಯಿಗೆ ತಾನಾಗಿ ಬರುತ್ತದೆ. ಅಂದ ಕೂಡಲೇ ಬೆಚ್ಚುತ್ತೇನೆ. ನೆತ್ತಿಯ ಮೇಲೆ ಯಾರದೋ ಅಂಗೈ ಇದ್ದ ಹಾಗಾಗುತ್ತದೆ. ಬೇಡವೆಂದೆನೋ, ಬೇಡಿಕೊಂಡೆನೋ, ನನಗೇ ತಿಳಿಯದು. ಕೇಳುವವನಿಗೆ ಕಿವಿ ಛಲೋ ಅದಾವ.